ಚೆಸ್ಟ್ ಪಾಸಿಗೆ ಜೋರು ಎಲ್ಲಿಂದ ಬರ್ತದ? ದಂಡ ಹೊಡೆಸಿದ್ರೂ ಚೆಂಡು ನಡುವ ಸೋಲ್ತದ

ಸಿಂಧನೂರು ಪಿಟಿ
ನಮಸ್ಕಾರ್ರಿ ಎಲ್ಲಾರಿಗೂ. ರಾಯಚೂರು, ಬಳ್ಳಾರಿ, ಕೊಪ್ಪಳದಾಗ ಬಾಸ್ಕೆಟ್‌ಬಾಲ್ ಆಡಿದೋರು, ಆಡಿಸೋರು ಇಲ್ಲಿ ಭಾಳ ಮಂದಿ ಇದ್ದೀರಿ ಅಂತ ಕೇಳ್ಲಿಕ್ಹತ್ತೀನಿ. ನಮ್ದು ಸರ್ಕಾರಿ ಹೈಸ್ಕೂಲು, ಹುಡುಗ್ಯಾರ ಟೀಮು. ಓಡಾದ್ರಾಗ ಯಾರಿಗೂ ಕಮ್ಮಿ ಇಲ್ಲ. ಭತ್ತದ ನಾಟಿ ಮಾಡಿ, ನೀರು ಹೊತ್ತು ಬೆಳೆದ ಮಕ್ಕಳು, ಮೈಯಾಗ ತಾಕತ್ತು ಅದ. ಆದ್ರ ಚೆಸ್ಟ್ ಪಾಸ್ (ಎರಡೂ ಕೈಲೆ ಎದಿಯಿಂದ ತಳ್ಳೋ ಪಾಸು) ಕೊಟ್ರ ಐದಾರು ಮೀಟರ್‌ನ್ಯಾಗ ಚೆಂಡು ಸೋತು ಇಳೀತದ. ಎದುರಿನ ಟೀಮಿನಾಕಿ ಆರಾಮಾಗಿ ನಡುವ ಕೈ ಹಾಕಿ ಕಸ್ಗೊಂತಾಳ. ದಿನಾ ದಂಡ ಹೊಡೆಸ್ತೀನಿ. ದಂಡದ ಲೆಕ್ಕ ಏರ್ಯದ, ಪಾಸ್ ಇದ್ದಲ್ಲೇ ಅದ. ಮೊಣಕೈ ಹೊರಗ ಚಾಚಬೇಕೋ ಪಕ್ಕಡಿಗೆ ಹತ್ತಿಸಬೇಕೋ ಅನ್ನೋದ್ರಾಗೂ ಒಬ್ಬೊಬ್ರು ಒಂದೊಂದು ಹೇಳ್ತಾರ. ಸಾಲಿಯೊಳಗ ಇರೋದು 7ನೇ ಸೈಜಿನ ಚೆಂಡು ಮಾತ್ರ. ಏನ್ ಮಾಡ್ಲಿ?

ಕೌಲ್‌ಬಜಾರ್ 9 ನಂಬರ್
ಸರ್, ಕೈ ಬಿಡ್ರಿ, ಕಾಲು ನೋಡ್ರಿ ಮೊದಲು. ನಿಮ್ಮ ಹುಡುಗೀರು ಎರಡೂ ಕಾಲು ಜೋಡಿಸ್ಕೊಂಡು ಕಂಬದಂಗೆ ನಿಂತು ಕೊಡ್ತಿರಬೇಕು. ಒಂದು ಹೆಜ್ಜೆ ಮುಂದೆ ಇಟ್ಟು ಕೊಡೋಕೆ ಹೇಳ್ರಿ, ಅರ್ಧ ಸಮಸ್ಯೆ ಅಲ್ಲೇ ಮುಗೀತೈತೆ.

ಹಳೇ ಸೆಂಟರ್
ಇಲ್ಲಿ ಏನೇ ಕೇಳಿದ್ರೂ ಕಾಲು, ಕಾಲು, ಕಾಲು. ಶಾಟ್ ಬಿದ್ದಿಲ್ಲ ಅಂದ್ರೆ ಕಾಲು, ಪಾಸ್ ಹೋಗಿಲ್ಲ ಅಂದ್ರೆ ಕಾಲು. ಮ್ಯಾಚಲ್ಲಿ ಇಬ್ರು ಮೈಮೇಲೆ ಬಿದ್ದಾಗ ಹೆಜ್ಜೆ ಇಡೋಕೆ ಜಾಗ ಎಲ್ಲೈತೆ ಸ್ವಾಮಿ? ಚೆಸ್ಟ್ ಪಾಸ್ ಅಂದ್ರೆ ತೋಳು ಮತ್ತೆ ಮಣಿಕಟ್ಟು. ನಾವು ನಿಂತ ಜಾಗದಿಂದ್ಲೇ ಕೊಡ್ತಿದ್ವಿ.

ಪಿಯು ಫಿಸಿಕ್ಸ್, ರಾಯಚೂರು
ಜಗಳಕ್ಕೆ ಮೊದಲು ಒಂದು ಲೆಕ್ಕ ಹಾಕೋಣ. ಪಿಟಿ ಸರ್ ಹೇಳಿದ "ಐದಾರು ಮೀಟರ್" ಅನ್ನೋ ಮಾತಿನಲ್ಲೇ ಅರ್ಧ ಉತ್ತರ ಇದೆ.

ಚೆಸ್ಟ್ ಪಾಸನ್ನ ನಾವು "ನೇರ ಪಾಸ್" ಅಂತೀವಿ. ಅದು ನೇರ ಹೋಗೋದೇ ಇಲ್ಲ. ಕೈಬಿಟ್ಟ ಕ್ಷಣದಿಂದ ಚೆಂಡು ಬೀಳ್ತಾನೇ ಇರುತ್ತೆ. ಗಾಳಿಯ ತಡೆ ಪಕ್ಕಕ್ಕಿಟ್ಟು, ಎದೆಯಿಂದ ಬಿಟ್ಟದ್ದು 6 ಮೀಟರ್ ಆಚೆ ಇರೋಳ ಎದೆಗೇ ಮುಟ್ಟಬೇಕು ಅಂದ್ಕೊಳ್ಳಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕೊಟ್ಟರೆ ಚೆಂಡನ್ನ ಸುಮಾರು 18 ಡಿಗ್ರಿ ಮೇಲಕ್ಕೆ ಕೊಡಬೇಕಾಗುತ್ತೆ. ನಡುದಾರಿಯಲ್ಲಿ ಅದು ಎದೆಮಟ್ಟಕ್ಕಿಂತ ಹತ್ತಿರ ಹತ್ತಿರ ಅರ್ಧ ಮೀಟರ್ ಮೇಲಿರುತ್ತೆ. ವೇಗ 8 ಮೀಟರಿಗೆ ಇಳಿದರೆ 33 ಡಿಗ್ರಿ ಎತ್ತಬೇಕು, ನಡುವೆ ಒಂದು ಮೀಟರ್ ಏರುತ್ತೆ. ಅದು ಪಾಸಲ್ಲ, ಲಾಬ್, ಅಂದರೆ ಮೇಲಕ್ಕೆತ್ತಿ ಹಾಕಿದ ಚೆಂಡು. ಇನ್ನು 7 ಮೀಟರಿಗೆ ಇಳಿದರೆ ಯಾವ ಕೋನದಲ್ಲಿ ಕೊಟ್ಟರೂ ಅದೇ ಎತ್ತರಕ್ಕೆ 6 ಮೀಟರ್ ಮುಟ್ಟೋದೇ ಇಲ್ಲ. 7 ಮೀಟರ್ ವೇಗದ ಗರಿಷ್ಠ ದೂರ 5 ಮೀಟರ್, ಅದೂ 45 ಡಿಗ್ರಿಯಲ್ಲಿ ಎಸೆದರೆ. ಅಂದರೆ ಸರ್, ನಿಮ್ಮ ಹುಡುಗಿಯರ ಪಾಸು 7ರಿಂದ 8 ಮೀಟರ್ ವೇಗದ ಆಸುಪಾಸಿನಲ್ಲಿದೆ. ಅಲ್ಲಿಂದ 10ಕ್ಕೆ ಹೋದರೆ ಆಟವೇ ಬೇರೆ ಆಗುತ್ತೆ.

ಹೊತ್ತಿನ ಲೆಕ್ಕವೂ ನೋಡಿ. 10ರ ವೇಗದಲ್ಲಿ ಆ 6 ಮೀಟರಿಗೆ 0.63 ಸೆಕೆಂಡ್. 8ರಲ್ಲಿ 0.9 ಸೆಕೆಂಡ್. ನಡುವಿನ ಆ ಕಾಲು ಸೆಕೆಂಡಿನಲ್ಲಿ ಚುರುಕಾದ ಡಿಫೆಂಡರ್ (ಎದುರು ಟೀಮಿನಿಂದ ತಡೆಯೋಳು) ಒಂದು ಮೀಟರ್ ಹೆಚ್ಚಿಗೆ ಓಡ್ತಾಳೆ. ಕಸಿಯೋದಕ್ಕೆ ಅಷ್ಟು ಸಾಕು.

ಈಗ ಆ ವೇಗ ಎಲ್ಲಿ ಹುಟ್ಟುತ್ತೆ? ಎದೆ ಹತ್ತಿರದಿಂದ ಮೊಣಕೈ ಪೂರ್ತಿ ಚಾಚೋ ತನಕ ಇರೋ ಸುಮಾರು ಅರ್ಧ ಮೀಟರ್ ದಾರಿಯಲ್ಲಿ. ಅದು ದಾಟಿದ ಮೇಲೆ ಯಾರೂ ಏನೂ ಮಾಡೋಕಾಗಲ್ಲ. 7ನೇ ಸೈಜಿನ ಚೆಂಡು ಸುಮಾರು 600 ಗ್ರಾಂ. ನಿಂತಲ್ಲಿಂದ, ಅರ್ಧ ಮೀಟರಲ್ಲಿ, 10 ಮೀಟರ್ ವೇಗ ಬರಬೇಕಾದರೆ ಸರಾಸರಿ 60 ನ್ಯೂಟನ್ ಬಲ ಬೇಕು, ಹೆಚ್ಚುಕಮ್ಮಿ 6 ಕೆಜಿ ಎತ್ತೋವಷ್ಟು. ಎಲ್ಲಾ ಮುಗಿಯೋದು 0.1 ಸೆಕೆಂಡಿನಲ್ಲಿ. 7 ಮೀಟರ್ ವೇಗಕ್ಕೆ ಇದರ ಅರ್ಧ ಸಾಕು. ಅಂದರೆ 7ನ್ನ 10 ಮಾಡೋಕೆ ಬಲ ಎರಡು ಪಟ್ಟು ಆಗಬೇಕು.

ಹೆಜ್ಜೆ ಇಲ್ಲಿ ಬರುತ್ತೆ. ಹೆಜ್ಜೆ ಇಟ್ಟಾಗ ಮೈಯೇ ಸೆಕೆಂಡಿಗೆ 1.5 ಮೀಟರ್ ಮುಂದೆ ಸಾಗ್ತಿದ್ದರೆ ತೋಳು ಕೊಡಬೇಕಾದ್ದು 8.5 ಮಾತ್ರ. ಆಗ ಬೇಕಾಗೋ ಬಲ 60ರಿಂದ 43 ನ್ಯೂಟನ್‌ಗೆ ಇಳಿಯುತ್ತೆ. ಕೌಲ್‌ಬಜಾರ್ ತಮ್ಮ ಹೇಳಿದ್ದಕ್ಕೆ ಇದೇ ಆಧಾರ. ಆದರೆ ಹಳೇ ಸೆಂಟರ್ ಅಣ್ಣನ ಮಾತೂ ಪೂರ್ತಿ ಸುಳ್ಳಲ್ಲ, 10ರಲ್ಲಿ 8.5 ತೋಳಿನದ್ದೇ.

ಹಳೇ ಸೆಂಟರ್
ಕೊನೇ ಸಾಲನ್ನ ಎಲ್ರೂ ಎರಡು ಸಲ ಓದ್ರಪ್ಪ.

ಕೌಲ್‌ಬಜಾರ್ 9 ನಂಬರ್
ಅಣ್ಣಾ, ನೀನು ಮೇಲಿನ ಸಾಲನ್ನೂ ಒಂದು ಸಲ ಓದು 😄

ಕೊಪ್ಪಳ ಫಿಸಿಯೋ
ಲೆಕ್ಚರರ್ ಸರ್ ಚೆಂಡಿನ ಲೆಕ್ಕ ಹೇಳಿದ್ರು, ನಾ ಮೈಯಿನ ಲೆಕ್ಕ ಹೇಳ್ತೀನಿ.

ಪಿಟಿ ಸರ್, ದಂಡ ಯಾಕ ಫಲ ಕೊಡವಲ್ದು ಅಂತ ಕೇಳಿದ್ರಿ. 0.1 ಸೆಕೆಂಡ್ ಅಂದ್ರಲ್ಲ, ಅದನ್ನ ಹಿಡ್ಕೊಳ್ರಿ. ಸ್ನಾಯು ಒಂದು ತನ್ನ ಪೂರ್ತಿ ಬಲಕ್ಕ ಏರಾಕ 0.3 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬೇಕು. ನಿಧಾನಕ್ಕ ದಂಡ ಹೊಡೆಯೋವಾಗ ಆ ಹೊತ್ತು ಸಿಗತೈತಿ, ಪಾಸ್‌ದಾಗ ಸಿಗೂದಿಲ್ಲ. ನಿಮ್ಮ ಹುಡುಗ್ಯಾರ ಹತ್ರ ಬಲ ಐತಿ, ಅದು ಎದ್ದು ಬರೂದ್ರಾಗ ಚೆಂಡು ಕೈ ಬಿಟ್ಟಿರತೈತಿ. ಬೇಕಾಗಿರೂದು ಭಡಕ್ಕನ ಏಳೂ ಬಲ. ದಂಡ ಬಿಡಬ್ಯಾಡ್ರಿ, ಕಮ್ಮಿ ಮಾಡ್ರಿ, ಪ್ರತಿಯೊಂದನ್ನೂ ಕೈ ನೆಲ ಬಿಡೂ ಹಂಗ ಜಿಗಿಸಿ ಹೊಡೆಸ್ರಿ. ಅದರ ಜೊತಿ 2 ಕೆಜಿ ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಇದ್ರ ಎದಿಯಿಂದ ತಳ್ಳೂದು. ಇಲ್ಲಂದ್ರ ಹಳೇ ಫುಟ್‌ಬಾಲಿಗೆ ಉಸುಕು ತುಂಬಿ ಹೊಲಿಸ್ರಿ, ನಡೀತೈತಿ. ಆದ್ರ ಭಾಳ ಭಾರ ಮಾಡಬ್ಯಾಡ್ರಿ, ಭಾರ ಆದ್ರ ಮತ್ತ ನಿಧಾನ ಆಗತೈತಿ.

ಇನ್ನೊಂದು, ಎಸೆಯೂದು ಬ್ಯಾರೆ, ತಳ್ಳೂದು ಬ್ಯಾರೆ. ಬೇಸ್‌ಬಾಲ್ ಪಾಸ್ ಅಂತೀವಲ್ಲ, ಒಂದ ಕೈಲೆ ಕೋರ್ಟಿನ ಆ ಕಡೆಗೆ ಒಗೆಯೂದು, ಅದು ಎಸೆತ. ಜ್ವಾಳದ ಹೊಲದಾಗ ಹಕ್ಕಿ ಓಡ್ಸಾಕ ಕವಣಿ ಬೀಸೂ ಹಂಗ: ಮೊದಲು ಸೊಂಟ ತಿರುಗತೈತಿ, ಆಮ್ಯಾಲ ಭುಜ, ಆಮ್ಯಾಲ ಮೊಣಕೈ, ಕಡೀಕ ಮಣಿಕಟ್ಟು. ಒಂದು ನಿಧಾನ ಆಗೂದ್ರಾಗ ಇನ್ನೊಂದು ಜೋರಾಗತೈತಿ, ಕಟ್ಟಕಡೀಗೆ ಬೆರಳ ತುದಿಯಾಗ ಎಲ್ಲಾ ವೇಗ ಸೇರತೈತಿ. ವೇಗ ಭಾಳ, ಗುರಿ ಕಮ್ಮಿ.

ಚೆಸ್ಟ್ ಪಾಸ್ ಹಂಗಲ್ಲ. ಅಲ್ಲಿ ಎರಡೂ ಕೈ ಚೆಂಡಿಗೆ ಅಂಟಿರತಾವು, ಭುಜ ಮತ್ತ ಮೊಣಕೈ ಹೆಚ್ಚುಕಮ್ಮಿ ಒಟ್ಟಿಗೇ ಬಿಚ್ಕೊಂತಾವು. ಹಂಗ ಬಿಚ್ಕೊಂಡಾಗ ಕೈ ಸೀದಾ ಗೆರಿಮ್ಯಾಲೆ ಸಾಗತೈತಿ. ಅದಕ್ಕ ಗುರಿ ಪಕ್ಕಾ, ವೇಗಕ್ಕ ಮಿತಿ. ಕಾಲು, ಸೊಂಟ ಮಾತ್ರ ಒಂದು ಕ್ಷಣ ಮೊದಲು ಹೊರಡಬೇಕು. ಹುಡುಗ್ಯಾರ ವಿಡಿಯೋ ತಗದು ನೋಡ್ರಿ: ಭಾಳಷ್ಟು ಸಲ ಪಾದ ನೆಲ ಮುಟ್ಟೂದಕ್ಕಿಂತ ಮೊದಲೇ ಕೈ ಚಾಚಿ ಮುಗಿದಿರತೈತಿ, ಇಲ್ಲಾ ಪಾದ ಊರಿ ಮೈ ನಿಂತ ಮ್ಯಾಲೆ ಕೈ ಹೊರಡತೈತಿ. ಎರಡರಾಗೂ ಹೆಜ್ಜಿ ಇಟ್ಟದ್ದು ವ್ಯರ್ಥ. ಮೈ ಇನ್ನೂ ಮುಂದ ಸಾಗೂ ಹೊತ್ತಿನ್ಯಾಗ ಚೆಂಡು ಕೈ ಬಿಡಬೇಕು. "ಹೆಜ್ಜಿ ಇಡ್ರಿ" ಅಂದ್ರ ಸಾಲೂದಿಲ್ಲ, ಯಾವಾಗ ಅನ್ನೂದು ಹೇಳಬೇಕು.

ಮೊಣಕೈ ವಿಷಯ: ಪಕ್ಕಡಿಗೆ ಅಂಟಿಸಿದ್ರ ಎದಿಯ ದೊಡ್ಡ ಸ್ನಾಯುವಿಗೆ ಕೆಲಸ ಕಮ್ಮಿ, ಹಿಂಭುಜದ ಟ್ರೈಸೆಪ್ಸ್ ಒಂದ ದುಡೀತೈತಿ. ರೆಕ್ಕಿ ಹಂಗ ಭುಜದ ಮಟ್ಟಕ್ಕ ಎತ್ತಿದ್ರ ಕೈ ಸೀದಾ ಹೋಗೂ ಬದ್ಲಿ ಅಡ್ಡ ತಿರುವಿ ಬರತೈತಿ. ನಡುವ ಸಾಕು, ಸಡಿಲ ಬಿಡ್ರಿ. ಇದ್ರ ಬಗ್ಗೆ ಅಷ್ಟು ಜಗಳ ಬ್ಯಾಡ. ಅದಕ್ಕಿಂತ ಮುಖ್ಯ, ಕಡೀಗೆ ಹೆಬ್ಬೆರಳು ಕೆಳಗ, ಅಂಗೈ ಹೊರಗ ತಿರುಗಿರಬೇಕು. ಮುಂಗೈ ಹಂಗ ತಿರುಗಿದ್ರ ಮಣಿಕಟ್ಟಿನ ಕಡೇ ಚಿಮ್ಮು ಸಿಗತೈತಿ, ಚೆಂಡಿಗೆ ಹಿಂದಕ್ಕ ಸುತ್ತೂ ಸ್ಪಿನ್ನೂ ಬರತೈತಿ.

ಸಿಂಧನೂರು ಪಿಟಿ
ಮೇಡಂ, ಭಾಳ ಉಪಕಾರ ಆಯ್ತ್ರಿ. ಒಂದು ಅನುಮಾನ. ನಮ್ಮ ಹುಡುಗ್ಯಾರು ಕೊಡೋಕಿಂತ ಮೊದಲು ಚೆಂಡನ್ನ ಎದಿ ತನಕ ಜಗ್ಗಿ ಎಳಕೊಂತಾರ. ಅದು ಒಳ್ಳೇದೋ ಕೆಟ್ಟದ್ದೋ?

ಕೊಪ್ಪಳ ಫಿಸಿಯೋ
ಎರಡೂ ಐತಿ ಸರ್. ಸ್ನಾಯುವನ್ನ ಸ್ವಲ್ಪ ಹಿಗ್ಗಿಸಿ ಆ ಕ್ಷಣವೇ ಕುಗ್ಗಿಸಿದ್ರ ಜಾಸ್ತಿ ಬಲ ಬರತೈತಿ, ಜಿಗಿಯೂಕಿಂತ ಮೊದಲು ಮೊಣಕಾಲು ಬಗ್ಗಿಸ್ತೀವಲ್ಲ, ಅದ ಕಾರಣಕ್ಕ. ಎಳಕೊಂಡು ನಿಂತು ಆಮ್ಯಾಲ ತಳ್ಳಿದ್ರ ಆ ಲಾಭ ಹೋತು. ಎಳೆಯೂದು ಗಿಡ್ಡ ಇರಬೇಕು, ಎಳೆದ ಕೂಡ್ಲೇ ತಳ್ಳಬೇಕು.

ಹಳೇ ಸೆಂಟರ್
ಮತ್ತೆ ಆ ಎಳೆತಾನೇ ಡಿಫೆಂಡರ್‌ಗೆ ಕಾಗದ ಬರೆದು ಹೇಳಿದಂಗೆ. ನಾ ಆಡೋವಾಗ ಚೆಂಡು ನೋಡ್ತಿರ್ಲಿಲ್ಲ, ಎದುರಿನೋನ ಭುಜ ನೋಡ್ತಿದ್ದೆ. ಭುಜ ಹಿಂದೆ ಹೋಯ್ತು ಅಂದ್ರೆ ಪಾಸ್ ಬಂತು ಅಂತಲೇ.

ಪಿಯು ಫಿಸಿಕ್ಸ್, ರಾಯಚೂರು
ಅಣ್ಣ ಸರಿಯಾಗಿ ಹೇಳಿದ್ರು. ಕಣ್ಣಿಗೆ ಕಂಡದ್ದಕ್ಕೆ ಮೈ ಸ್ಪಂದಿಸೋಕೆ ಸುಮಾರು 0.2 ಸೆಕೆಂಡ್ ಬೇಕು. ತಳ್ಳೋದು 0.1 ಸೆಕೆಂಡಲ್ಲಿ ಮುಗಿಯೋದರಿಂದ, ತಳ್ಳೋದನ್ನ ನೋಡಿ ಚೆಂಡು ಕೈಬಿಡೋ ಮೊದಲೇ ತಡೆಯೋಕೆ ಯಾರಿಗೂ ಆಗಲ್ಲ. ಡಿಫೆಂಡರ್ ಮೊದಲೇ ಹೊರಟಿದ್ದಾಳೆ ಅಂದರೆ ಅವಳು ಓದಿದ್ದು ಅದಕ್ಕಿಂತ ಹಿಂದಿನದನ್ನ: ಕಣ್ಣು, ಭುಜ, ಹೆಜ್ಜೆ. ಹಾಗಾಗಿ ಹೆಜ್ಜೆಗೂ ಬೆಲೆ ತೆರಬೇಕು. ಹೆಜ್ಜೆ ವೇಗ ಕೊಡುತ್ತೆ, ಸುದ್ದಿಯನ್ನೂ ಕೊಡುತ್ತೆ. ಹತ್ತಿರದ ಮೂರು ನಾಲ್ಕು ಮೀಟರ್ ಪಾಸಿಗೆ ಹೆಜ್ಜೆ ಬೇಡವೇ ಬೇಡ. ಆರು ಮೀಟರ್ ದಾಟಿದ ಮೇಲೆ ಬೇಕೇ ಬೇಕು.

ತೋರಣಗಲ್ಲು ಪಾಯಿಂಟ್ ಗಾರ್ಡ್
ಅಣ್ಣಾವ್ರೇ, ಒಂದು ಡೌಟು. ಓಡ್ತಾ ಜಂಪ್ ಮಾಡಿ ಪಾಸ್ ಕೊಟ್ರೆ ಜೋರು ಬರಲ್ಲ, ಗಾಳಿಯಲ್ಲಿ ಒತ್ತೋಕೆ ನೆಲ ಇರಲ್ಲ ಅಂತಾರೆ ನಮ್ಮ ಕೋಚು. ಹೌದಾ?

ಕೌಲ್‌ಬಜಾರ್ 9 ನಂಬರ್
ಹೌದು ತಮ್ಮಾ, ಚೆಂಡು ಮುಂದೆ ಹೋದ್ರೆ ಮೈ ಹಿಂದೆ ಹೋಗ್ತೈತೆ. ನ್ಯೂಟನ್ ಮೂರನೇ ನಿಯಮ.

ಪಿಯು ಫಿಸಿಕ್ಸ್, ರಾಯಚೂರು
ನಿಯಮ ಸರಿ, ಅಳತೆ ಹಾಕಿ ನೋಡಿದರೆ ಬೇರೆ ಕಾಣುತ್ತೆ. 600 ಗ್ರಾಂ ಚೆಂಡಿಗೆ 10 ಮೀಟರ್ ವೇಗ ಕೊಟ್ಟರೆ 45 ಕೆಜಿಯ ಹುಡುಗಿ ಗಾಳಿಯಲ್ಲಿ ಹಿಂದಕ್ಕೆ ಹೋಗೋದು ಸೆಕೆಂಡಿಗೆ 13 ಸೆಂಟಿಮೀಟರ್. ಅದು ಲೆಕ್ಕಕ್ಕೇ ಬರಲ್ಲ. ಜಂಪ್ ಪಾಸಿನ ತೊಂದರೆ ಬೇರೆ ಕಡೆ ಇದೆ. ಹಾರೋ ಮೊದಲಿನ ಓಟದ ವೇಗ ಚೆಂಡಿನ ದಿಕ್ಕಿನಲ್ಲೇ ಇದ್ದರೆ ಅದು ಪಾಸಿಗೆ ಸೇರುತ್ತೆ. ಅಡ್ಡ ದಿಕ್ಕಿನಲ್ಲಿದ್ದರೆ ಚೆಂಡು ಆ ಕಡೆಗೇ ವಾಲುತ್ತೆ. ಇನ್ನೊಂದು, ಚೆಂಡು ಹಿಡ್ಕೊಂಡು ನೆಲ ಬಿಟ್ಟ ಮೇಲೆ ಇಳಿಯೋದರೊಳಗೆ ಕೈಬಿಡಲೇಬೇಕು, ಇಲ್ಲಾಂದರೆ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಡೆದ ತಪ್ಪು. ಗೆಳತಿ ಜಾಗದಲ್ಲಿ ಇಲ್ಲ ಅಂತ ಗಾಳಿಯಲ್ಲಿ ಗೊತ್ತಾದರೆ ಏನು ಮಾಡ್ತೀಯ? ಕೋಚ್ ಬೇಡ ಅನ್ನೋದು ಸರಿ, ಕಾರಣ ಬೇರೆ ಅಷ್ಟೇ.

ಹಾಗೆ ನೋಡಿದರೆ ಚೆಂಡು ಹಿಡಿದು ಓಡಬಾರದು ಅನ್ನೋದೇ ಈ ಆಟದ ಬುನಾದಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಮಾಡಿದ 13 ನಿಯಮಗಳ ಪ್ರಕಾರ ಚೆಂಡು ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಡ್ರಿಬ್ಲಿಂಗ್ (ಚೆಂಡು ಪುಟಿಸ್ತಾ ಸಾಗೋದು) ಆಮೇಲೆ ಬಂತು. ಅಂದರೆ ಪಾಸೇ ಹಿರಿಯಕ್ಕ.

ತೋರಣಗಲ್ಲು ಪಾಯಿಂಟ್ ಗಾರ್ಡ್
ಸೂಪರ್ ಸರ್. ನಮ್ಮ ಪಕ್ಕದ ವಿಜಯನಗರ ಟೌನ್‌ಶಿಪ್‌ನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಐತೆ, ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್‌ನೋರಿಗೆ ಎಲ್ಲಾ ಅಳೆದು ನೋಡ್ತಾರೆ. ನಮ್ಮಂಥೋರು ಪಾಸ್ ಸ್ಪೀಡ್ ಹೆಂಗೆ ಅಳೆಯೋದು?

ಪಿಯು ಫಿಸಿಕ್ಸ್, ರಾಯಚೂರು
ಫೋನ್ ಸಾಕು. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಪಕ್ಕದಿಂದ ತೆಗಿ. ಗೋಡೆಯಿಂದ 5 ಮೀಟರ್ ದೂರಕ್ಕೆ ಸುಣ್ಣದ ಗೆರೆ ಹಾಕು. ಚೆಂಡು ಬೆರಳು ಬಿಟ್ಟ ಫ್ರೇಮ್‌ನಿಂದ ಗೋಡೆ ಮುಟ್ಟೋ ತನಕ ಎಣಿಸು. 120 ಫ್ರೇಮ್ ಆದರೆ ಅರ್ಧ ಸೆಕೆಂಡ್, ಅಂದರೆ ಸೆಕೆಂಡಿಗೆ 10 ಮೀಟರ್. ಕೈ ಚಾಚಿದಾಗ ಬೆರಳು ಗೆರೆಯ ಮೇಲೆ ಬರೋ ಹಾಗೆ ನಿಲ್ಲಬೇಕು, ಇಲ್ಲಾಂದರೆ ಅರ್ಧ ಮೀಟರ್ ತಪ್ಪು ಸೇರ್ಕೊಳ್ಳುತ್ತೆ.

ಕೊಪ್ಪಳ ಫಿಸಿಯೋ
ಪಿಟಿ ಸರ್, ಇದನ್ನ ಎರಡು ಥರ ಮಾಡಿಸ್ರಿ. ಮೊದಲು ಬೆನ್ನನ್ನ ಕಂಬಕ್ಕೋ ಗೋಡಿಗೋ ಆನಿಸಿ, ಕಾಲು ಚಾಚಿ ಕೂತು ಪಾಸು. ಆಮ್ಯಾಲ ಎದ್ದು ಹೆಜ್ಜಿ ಇಟ್ಟು ಪಾಸು. ಕೂತದ್ದಕ್ಕೂ ನಿಂತದ್ದಕ್ಕೂ ವ್ಯತ್ಯಾಸ ಇಲ್ಲಂದ್ರ ಆ ಹುಡುಗಿಗೆ ಹೆಜ್ಜಿಯ ಹೊತ್ತು ಕಲಿಸ್ರಿ. ವ್ಯತ್ಯಾಸ ಐತಿ, ಆದ್ರ ಎರಡೂ ಕಮ್ಮಿ ಅಂದ್ರ ಆಕಿಗೆ ಜಿಗಿಯೂ ದಂಡ. ಎಲ್ಲಾರಿಗೂ ಒಂದ ಔಷಧ ಬ್ಯಾಡ.

ಗಂಗಾವತಿ ತಾಯಿ
ನಾನು ಆಡೋಳಲ್ಲ, ಮಗಳು ಆಡ್ತಾಳ. ಹೋದ ವಾರ ಪಾಸ್ ಹಿಡಿಯಾಕ ಹೋಗಿ ನಡುಬೆರಳಿನ ತುದಿ ಬಾಗಿ ನಿಂತೈತಿ, ತಾನಾಗೇ ನೆಟ್ಟಗ ಆಗವಲ್ದು. ನಮ್ಮ ಅತ್ತಿ "ಜಗ್ಗಿ ಎಣ್ಣಿ ಹಚ್ಚಿದ್ರ ಆಗತೈತಿ" ಅಂತಾರ. ನೋವೇನು ಅಷ್ಟಿಲ್ಲ.

ಕೊಪ್ಪಳ ಫಿಸಿಯೋ
ಅಕ್ಕಾರ, ಜಗ್ಗಾಕ ಬಿಡಬ್ಯಾಡ್ರಿ. ಬೆರಳಿನ ತುದಿಯನ್ನ ನೆಟ್ಟಗ ಎತ್ತೂ ಸ್ನಾಯುರಜ್ಜು (ಸ್ನಾಯುವನ್ನ ಎಲುಬಿಗೆ ಕಟ್ಟೂ ಹುರಿ) ಹರಿದಿರಬಹುದು, ಇಲ್ಲಾ ಎಲುಬಿನ ಸಣ್ಣ ಚೂರು ಕಿತ್ತಿರಬಹುದು. ಚೆಂಡು ಬೆರಳ ತುದಿಗೆ ಎದುರಾಎದುರು ಬಡಿದಾಗ ಆಗೂದು ಇದು. ನಾಳೀಗೇ ಎಲುಬಿನ ಡಾಕ್ಟರ್ ಹತ್ರ ಎಕ್ಸ್‌ರೇ ಮಾಡಿಸ್ರಿ. ಸಾಮಾನ್ಯವಾಗಿ ತುದಿ ನೆಟ್ಟಗಿರೂ ಹಂಗ ಸಣ್ಣ ಸ್ಪ್ಲಿಂಟ್ (ಆಸರಿ ಪಟ್ಟಿ) ಕಟ್ಟಿ 6ರಿಂದ 8 ವಾರ ಬಿಡ್ತಾರ. ಹಗಲು ರಾತ್ರಿ ತಗಿಯೂ ಹಂಗಿಲ್ಲ. ಜಳಕಕ್ಕಂತ ತಗದಾಗ ತುದಿ ಒಮ್ಮೆ ಬಾಗಿದ್ರೂ ದಿನದ ಲೆಕ್ಕ ಮತ್ತ ಮೊದಲಿಂದ. ನೋವಿಲ್ಲ ಅಂತ ಬಿಟ್ರ ಹಂಗೇ ಬಾಗಿ ಉಳಿಯೂ ಸಾಧ್ಯತೆ ಐತಿ.

ಪಿಟಿ ಸರ್, ಹಿಡಿಯೂದನ್ನೂ ಕಲಿಸ್ರಿ ಅನ್ನೂದು ಇದಕ್ಕ. ಬೆರಳು ಚೆಂಡಿನ ಕಡೆ ಚುಚ್ಚೂ ಹಂಗ ಇರಬಾರದು. ಎದಿ ಮ್ಯಾಲೆ ಬಂದ್ರ ಬೆರಳು ಆಕಾಶಕ್ಕ, ಸೊಂಟದ ಕೆಳಗ ಬಂದ್ರ ನೆಲಕ್ಕ.

ಪಿಯು ಫಿಸಿಕ್ಸ್, ರಾಯಚೂರು
ಹಿಡಿಯೋದಕ್ಕೆ ಒಂದು ಅಂಕಿ ಸೇರಿಸ್ತೀನಿ. 10 ಮೀಟರ್ ವೇಗದ ಚೆಂಡಿನಲ್ಲಿ 30 ಜೂಲ್ ಶಕ್ತಿ ಇರುತ್ತೆ. ಕೈ ಬಿಗಿ ಹಿಡಿದು 5 ಸೆಂಟಿಮೀಟರಲ್ಲಿ ನಿಲ್ಲಿಸಿದರೆ ಅಂಗೈಗೆ ಸರಾಸರಿ 600 ನ್ಯೂಟನ್ ಬೀಳುತ್ತೆ. ಕೈ ಚಾಚಿ, ಚೆಂಡಿನ ಜೊತೆಗೇ 30 ಸೆಂಟಿಮೀಟರ್ ಹಿಂದಕ್ಕೆ ತಂದರೆ 100 ನ್ಯೂಟನ್. ಕೊಡೋಳು ಜೋರು ಕಲಿತ ಮೇಲೆ ಹಿಡಿಯೋಳಿಗೆ ಇದು ಬರದೇ ಇದ್ದರೆ ಚೆಂಡು ಕೈಯಿಂದ ಚಿಮ್ಮಿ ಹೊರಗೆ ಹೋಗುತ್ತೆ, ಆಮೇಲೆ ತಪ್ಪು ಯಾರದು ಅಂತ ಜಗಳ.

ತೋರಣಗಲ್ಲು ಪಾಯಿಂಟ್ ಗಾರ್ಡ್
ನನಗೆ ಅನ್ನಿಸೋದು, ಇಷ್ಟೆಲ್ಲಾ ಬಲದ ಮಾತು ಆಡ್ತೀವಿ, ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಅಸಿಸ್ಟ್ (ಬುಟ್ಟಿಗೆ ದಾರಿ ಮಾಡೋ ಪಾಸ್) ಇರೋದು ಜಾನ್ ಸ್ಟಾಕ್‌ಟನ್‌ದು, 15,806. ಎತ್ತರ 1.85 ಮೀಟರ್, ಅಲ್ಲಿನ ಲೆಕ್ಕಕ್ಕೆ ಗಿಡ್ಡ.

ಹಳೇ ಸೆಂಟರ್
ಆದ್ರೆ ಈಗಿನ ಯೋಕಿಚ್ ನೋಡು, 2.11 ಮೀಟರಿನ ಸೆಂಟರು, ಬುಟ್ಟಿ ಹತ್ತಿರ ಆಡೋ ಎತ್ತರದೋನು. ತಲೆ ಮೇಲಿಂದ ಒಂದೇ ಕೈಲಿ ಬಿಡ್ತಾನೆ, ಡಿಫೆಂಡರ್‌ಗೆ ಕೈ ಎಟುಕೋದೇ ಇಲ್ಲ. ಹಿಂದೆ ಎಳೆಯೋದೂ ಇಲ್ಲ, ಮಣಿಕಟ್ಟಿನಲ್ಲೇ ಮುಗೀತೈತೆ. ಸೆಂಟರ್ ಅಂದ್ರೆ ಬರೀ ಅಡ್ಡ ನಿಲ್ಲೋನು ಅಂತ ನಮಗೆ ಹೇಳಿಕೊಟ್ಟೋರು ಅವನನ್ನ ನೋಡ್ಬೇಕಿತ್ತು.

ಹಟ್ಟಿ ಕ್ಯಾಂಪ್
ಬೌನ್ಸ್ ಪಾಸ್ (ನೆಲಕ್ಕ ಪುಟಿಸಿ ಕೊಡೋದು) ಬಗ್ಗೆ ಯಾರೂ ಮಾತಾಡಿಲ್ಲ. ಎದುರಿನಾಕಿ ಕೈ ಎತ್ತಿ ನಿಂತಾಗ ಕಾಲ ಪಕ್ಕದಿಂದ ಕೊಡೋದೇ ದಾರಿ ಅಲ್ರಿ?

ಸಿಂಧನೂರು ಪಿಟಿ
ನಮ್ದು ಮಣ್ಣಿನ ಅಂಗಳ ಅದ ಅಣ್ಣಾ. ಬೌನ್ಸ್ ಕೊಟ್ರ ಅಲ್ಲೇ ಮಕ್ಕೊಂತದ. ತಾಲೂಕು ಮ್ಯಾಚ್ ಸಿಮೆಂಟ್ ಕೋರ್ಟಿನ್ಯಾಗ, ಅಲ್ಲಿ ಹೋದ್ರ ಹುಡುಗ್ಯಾರ ಅಂದಾಜೆಲ್ಲ ತಪ್ತದ.

ಪಿಯು ಫಿಸಿಕ್ಸ್, ರಾಯಚೂರು
ಸಿಮೆಂಟ್ ಕಟ್ಟೆ, ಶಾಲೆ ವರಾಂಡ, ಕಣದ ಕಲ್ಲುಹಾಸು, ಏನು ಸಿಕ್ಕರೂ ಸರಿ, ಬೌನ್ಸ್ ಮಾತ್ರ ಅಲ್ಲಿ ಕಲಿಸಿ. ದಾರಿಯ ಮೂರರಲ್ಲಿ ಎರಡು ಪಾಲು ದಾಟಿ ನೆಲ ಮುಟ್ಟಬೇಕು, ಆಗ ಹಿಡಿಯೋಳ ಸೊಂಟಕ್ಕೆ ಬರುತ್ತೆ. ಹಿಂದಕ್ಕೆ ಸುತ್ತೋ ಸ್ಪಿನ್ ಇದ್ದರೆ ನೆಲದ ಘರ್ಷಣೆ ಚೆಂಡನ್ನ ತಡೆಯುತ್ತೆ, ಅದು ನಿಧಾನ ಆಗಿ ಕಡಿದಾಗಿ ಮೇಲೇಳುತ್ತೆ, ಹಿಡಿಯೋದು ಸುಲಭ. ಮುಂದಕ್ಕೆ ಸುತ್ತೋ ಸ್ಪಿನ್ ಇದ್ದರೆ ತಗ್ಗಾಗಿ ಸರ್ರನೆ ಜಾರುತ್ತೆ. ಧೂಳು ಇದ್ದರೆ ಘರ್ಷಣೆ ಕಮ್ಮಿ, ಸ್ಪಿನ್ ಹಾಕಿದ್ದೂ ವ್ಯರ್ಥ, ಕೈಯಿಂದಲೂ ಜಾರುತ್ತೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಸರ್, ಸಾಧ್ಯವಾದರೆ 6ನೇ ಸೈಜಿನ ಒಂದು ಚೆಂಡು ತರಿಸಿ, ಹುಡುಗಿಯರ ಮ್ಯಾಚ್ ಅದರಲ್ಲೇ. ತೂಕ 60–70 ಗ್ರಾಂ ಕಮ್ಮಿ, ಸುತ್ತಳತೆ ಸುಮಾರು 4 ಸೆಂಟಿಮೀಟರ್ ಕಮ್ಮಿ. ತೂಕಕ್ಕಿಂತ ಸುತ್ತಳತೆಯಿಂದಲೇ ಹೆಚ್ಚು ಲಾಭ ಅಂತ ನನ್ನ ಅಭಿಪ್ರಾಯ. ಎರಡೂ ತೋಳು ಸೇರಿ ಮೈತೂಕದ ಹತ್ತರಲ್ಲೊಂದು ಪಾಲು, 45 ಕೆಜಿ ಹುಡುಗಿಗೆ ನಾಲ್ಕೂವರೆ ಕೆಜಿ. ಸ್ನಾಯು ಮೊದಲು ಆ ತೋಳನ್ನೇ ಓಡಿಸಬೇಕು, ಚೆಂಡಿನ 60 ಗ್ರಾಂ ಅದರ ಮುಂದೆ ಏನೂ ಅಲ್ಲ. ಬೆರಳು ಚೆಂಡಿನ ಹಿಂದಕ್ಕೆ ಸರಿಯಾಗಿ ತಲುಪಿದರೆ ಮಾತ್ರ ಕಡೇ ಚಿಮ್ಮು ಸಾಧ್ಯ.

ಹಟ್ಟಿ ಕ್ಯಾಂಪ್
ಗಾಳಿ ಎಷ್ಟು ಹಾಕ್ಬೇಕ್ರಿ? ನಮ್ಮ ಕಡೆ ಮಾರ್ಚ್ ಆದ ಮ್ಯಾಲೆ ಬಿಸಿಲಿಗೆ ಚೆಂಡು ಕಲ್ಲಾಗ್ತದ.

ಪಿಯು ಫಿಸಿಕ್ಸ್, ರಾಯಚೂರು
ಸಾಮಾನ್ಯವಾಗಿ 8 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹತ್ತಿರ, ಚೆಂಡಿನ ಮೇಲೇ ಬರೆದಿರುತ್ತೆ. ಬೆಳಗ್ಗೆ 25 ಡಿಗ್ರಿಯಲ್ಲಿ 8 ಹಾಕಿ ಬಿಸಿಲಲ್ಲಿ ಬಿಟ್ಟರೆ, ಒಳಗಿನ ಗಾಳಿ 45 ಡಿಗ್ರಿ ಮುಟ್ಟೋ ಹೊತ್ತಿಗೆ ಒಂಬತ್ತೂವರೆ ಆಗಿರುತ್ತೆ. ಗಾಳಿಮಾಪಕ ಇಲ್ಲದಿದ್ದರೆ ಹೀಗೆ ನೋಡಿ: ಚೆಂಡಿನ ತಳ 1.8 ಮೀಟರ್ ಎತ್ತರದಲ್ಲಿರೋ ಹಾಗೆ ಹಿಡಿದು ಸಿಮೆಂಟಿನ ಮೇಲೆ ಬಿಡಿ. ತಳ ಒಂದು ಮೀಟರಿಗಿಂತ ಸ್ವಲ್ಪ ಮೇಲಕ್ಕೆ ಪುಟಿದು ಬಂದರೆ ಸರಿ. ಆಡೋ ಹೊತ್ತಿನಲ್ಲಿ, ಆಡೋ ಜಾಗದಲ್ಲೇ ನೋಡಬೇಕು.

ಹಳೇ ಸೆಂಟರ್
ಪಂಪ್ ಹೊಡೆಯೋವಾಗ ಸೂಜಿ ಒಣಗಿದ್ದಂಗೇ ಚುಚ್ಚಬೇಡ್ರಿ, ಸ್ವಲ್ಪ ಒದ್ದೆ ಮಾಡಿ ಚುಚ್ರಿ. ಇಲ್ಲಾಂದ್ರೆ ವಾಲ್ವ್ ಹರಿದು ರಾತ್ರಿ ಬೆಳಗಾಗೋದ್ರಾಗ ಚೆಂಡು ಮೆತ್ತಗಾಗ್ತೈತೆ.

ಸಿಂಧನೂರು ಪಿಟಿ
ಆಯ್ತ್ರಿ. ನಾಳೆ ಮುಂಜಾನೆ ವರಾಂಡದ ಕಂಬಕ್ಕ ಒಬ್ಬೊಬ್ಬಾಕಿನ್ನ ಆನಿಸಿ ಕೂಡಿಸ್ತೀನಿ. 240 ಫ್ರೇಮ್ ಇರೋ ಫೋನು ಮಾತ್ರ ನನ್ನಲ್ಲಿ ಇಲ್ಲ, ಗಣಿತ ಮೇಡಂ ಅವ್ರದ್ದು ಕೇಳ್ತೀನಿ. ಫ್ರೇಮಿನ ಲೆಕ್ಕ ಬಂದಂಗ ಇಲ್ಲೇ ಹಾಕ್ತೀನಿ.